ಗುಮ್ಮ ಬೇಡ, ಕಂಡಕ್ಟರ್ ಮಾಮ ಸಾಕು

"ಸುಮ್ನಿರು, ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಅಂದರೆ ಮಗು ಆ ಕ್ಷಣಕ್ಕೆ ಬಾಯಿ ಮುಚ್ಚುತ್ತದೆ, ನಿಜ. ಅದೇ ಮಗು ಜಾತ್ರೆಯಲ್ಲಿ ಕೈತಪ್ಪಿದರೆ ಖಾಕಿ ಕಂಡ ಕೂಡಲೇ ಅವಿತುಕೊಳ್ಳುತ್ತದೆ. ಡಾಕ್ಟರ ಸೂಜಿಯ ಹೆದರಿಕೆಯದೂ ಇದೇ ಕಥೆ: 5–6 ವರ್ಷಕ್ಕೆ ಡಿಪಿಟಿ ಲಸಿಕೆಯ ಬೂಸ್ಟರ್ ಚುಚ್ಚುಮದ್ದು ಇದ್ದೇ ಇದೆ, ಅವತ್ತು ಹಿಡಿದು ಕೂರಿಸಬೇಕಾದವರು ನೀವೇ.

ಹಾಗಂತ ಹೊರಗಿನ ಒಬ್ಬ ಮಾಮನ ಹೆಸರು ಹೇಳಿ ಮಗುವನ್ನು ಸುಮ್ಮನಿರಿಸುವ ಉಪಾಯವನ್ನೇ ಬಿಡಬೇಕಾಗಿಲ್ಲ. ಮಾಮನ ಕೆಲಸ ಬದಲಿಸಿ. ಹಿಡಿದೊಯ್ಯುವವರು ಬೇಡ, ಆ ಜಾಗದ ಪದ್ಧತಿ ನೋಡಿಕೊಳ್ಳುವವರು ಸಾಕು. 3ರಿಂದ 5 ವರ್ಷದವರ ಹತ್ತಿರ ಇದು ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಚಿಕ್ಕವರಿಗೆ ಎದುರಿಗಿಲ್ಲದವರ ಮಾತು ತಲೆಗೆ ಹೋಗುವುದಿಲ್ಲ. ಆರು ದಾಟಿದವರು "ಎಲ್ಲಿದ್ದಾರೆ, ತೋರ್ಸು" ಅನ್ನುತ್ತಾರೆ.

ಬಸ್ಸನ್ನೇ ತೆಗೆದುಕೊಳ್ಳಿ. ಹೊರಡುವ ಮುಂಚೆ ಮನೆಯಲ್ಲಿ ನಾಲ್ಕು ಕುರ್ಚಿ ಸಾಲಾಗಿಟ್ಟು ಐದು ನಿಮಿಷ ಆಟ ಆಡಿ. ಮೊದಲು ನೀವು ಕಂಡಕ್ಟರ್, ಆಮೇಲೆ ಮಗು. ನಿಯಮ ಎರಡೇ ಇರಲಿ: "ಎಲ್ಲರೂ ಕೂತ ಮೇಲೆ ಕಂಡಕ್ಟರ್ ಮಾಮ ರೈಟ್ ಅಂತಾರೆ", "ಕೈ ಕಿಟಕಿಯ ಒಳಗೆ". ಮೂರನೆಯದು ಸೇರಿಸಿದಿರೋ, ಮೊದಲನೆಯದು ಮರೆತುಹೋಗುತ್ತದೆ. ಬಸ್ ಹತ್ತಿದಾಗ ಕಂಡಕ್ಟರ್ ಹೆಂಗಸಾಗಿದ್ದರೆ ಮಾಮನ ಬದಲು ಅಕ್ಕ, ಮಕ್ಕಳು ಇದಕ್ಕೆಲ್ಲ ತಕರಾರು ತೆಗೆಯುವುದಿಲ್ಲ. ಟಿಕೆಟ್ ಜೋಪಾನ ಮಾಡುವ ಕೆಲಸ ಮಗುವಿಗೇ ಕೊಡಿ, ಬಾಯಿಗೆ ಹಾಕಿಕೊಳ್ಳದಂತೆ ಒಂದು ಕಣ್ಣಿಟ್ಟಿರಿ.

ಸೀಟಿನ ಮೇಲೆ ನಿಂತು ಕುಣಿಯತೊಡಗಿದರೆ ಗದರಬೇಡಿ. ಬಗ್ಗಿ, ಕಿವಿಯ ಹತ್ತಿರ ಮೆಲ್ಲಗೆ ಕೇಳಿ: "ರೈಟ್ ಹೇಳೋ ಮುಂಚೆ ಮಾಮ ಏನು ನೋಡ್ತಾರೆ?" ಉತ್ತರ ಮಗುವಿನ ಬಾಯಿಂದಲೇ ಬರಬೇಕು. ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ದೊಡ್ಡವರು ಎಡವುವುದು ಇಲ್ಲೇ, ಮೂರು ಎಣಿಸುವಷ್ಟರಲ್ಲಿ ಇನ್ನೊಂದು ಮಾತು ಬಂದುಬಿಡುತ್ತದೆ. ಕೂತ ಕೂಡಲೇ "ರೈಟ್ ರೈಟ್!" ಅನ್ನಿ. ಕೂರದಿದ್ದರೆ ನೀವೇ ಎತ್ತಿ ಕೂರಿಸಿ, "ಮಾಮ ಇಳಿಸಿಬಿಡ್ತಾರೆ" ಅನ್ನಬೇಡಿ. ಯಾರೂ ಇಳಿಸುವುದಿಲ್ಲ ಅನ್ನುವುದು ಮುಂದಿನ ಸ್ಟಾಪಿನಲ್ಲೇ ಗೊತ್ತಾಗಿಬಿಡುತ್ತದೆ.

ದೇವಸ್ಥಾನದಲ್ಲಿ "ಚಾಮಿ ಕಣ್ಣು ಕುಕ್ಕುತ್ತೆ" ಬೇಡ. "ಅರ್ಚಕರು ಮಂತ್ರ ಹೇಳುವಾಗ ನಾವೆಲ್ಲ ಗುಟ್ಟಿನ ದನಿ, ಮಂಗಳಾರತಿಗೆ ಗಂಟೆ ಹೊಡಿಯೋದು ನೀನು" ಅಂದರೆ ಕಾಯುವುದಕ್ಕೊಂದು ಕಾರಣ ಸಿಗುತ್ತದೆ. ಹೋಟೆಲಿನಲ್ಲಿ ಬಿಸಿ ಸಾಂಬಾರು ತರುವ ಸಪ್ಲೈಯರ್ ಅಣ್ಣನಿಗೆ ದಾರಿ ಬಿಡಬೇಕು. ಇದರಲ್ಲಿ ಕಲ್ಪನೆಯೇನೂ ಇಲ್ಲ.

ಪಕ್ಕದ ಸೀಟಿನವರು "ನನ್ ಚೀಲದಲ್ಲಿ ಹಾಕ್ಕೊಂಡು ಹೋಗ್ಲಾ?" ಅಂತ ಸೇರಿಕೊಳ್ಳುವುದುಂಟು. ನಗುತ್ತಲೇ, ಮಗುವಿಗೆ ಕೇಳುವಂತೆ "ಅಜ್ಜ ತಮಾಷೆ ಮಾಡ್ತಿದ್ದಾರೆ ಪುಟ್ಟಾ, ನಿನ್ನ ಯಾರಿಗೂ ಕೊಡಲ್ಲ" ಅನ್ನಿ. ಪೊಲೀಸರ ಭಯ ಆಗಲೇ ಹೊಕ್ಕಿದ್ದರೆ ದಾರಿಯಲ್ಲಿ ಕಾಣುವ ಟ್ರಾಫಿಕ್ ಪೊಲೀಸರಿಗೆ ಕೈ ಬೀಸಿಸಿ, ನಿಮ್ಮ ಫೋನ್ ನಂಬರನ್ನು ಹಾಡಿನಂತೆ ಬಾಯಿಪಾಠ ಮಾಡಿಸಿ. ಮಕ್ಕಳ ಸಹಾಯವಾಣಿ 1098 ನಿಮಗೂ ನೆನಪಿರಲಿ.

"ಮಾಮ ನಿಜವಾಗ್ಲೂ ನೋಡ್ತಿದ್ದಾರಾ?" ಎಂದು ಕೇಳಿದ ದಿನ ಸುಳ್ಳು ಬೆಳೆಸಬೇಡಿ, ಆಟ ಅಂತಲೇ ಹೇಳಿ. ಗೊತ್ತಿದ್ದೂ ಆಡುತ್ತಾರೆ. ಹಸಿವಾಗಿದ್ದರೆ, ನಿದ್ದೆ ಬಂದಿದ್ದರೆ ಮಾತ್ರ ಯಾವ ಮಾಮನೂ ಉಪಯೋಗಕ್ಕಿಲ್ಲ. ಬಾಳೆಹಣ್ಣು ಸುಲಿದು ಕೈಗೆ ಕೊಡಿ, ಇಲ್ಲವೇ ಎತ್ತಿಕೊಂಡು ಹೊರಗೆ ಹೋಗಿ.