ಮೊದಲು ಸೊಂಟ, ಆಮೇಲೆ ನಿದ್ದೆ: ಹಿರಿಯರನ್ನು ನೋಡಿಕೊಳ್ಳುವವರಿಗೆ

ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಬಂದವರೆಲ್ಲ ಹೇಳುವ ಮಾತು ಒಂದೇ: ‘ನಿಮ್ಮ ಆರೋಗ್ಯಾನೂ ನೋಡ್ಕೊಳ್ಳಿ.’ ಏನನ್ನು, ಯಾವ ಹೊತ್ತಿನಲ್ಲಿ, ಹೇಗೆ ನೋಡಿಕೊಳ್ಳಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ನನ್ನ ಲೆಕ್ಕ ಇಷ್ಟು: ಮೊದಲು ಸೊಂಟ ಉಳಿಸಿಕೊಳ್ಳಬೇಕು, ಆಮೇಲೆ ರಾತ್ರಿ ನಿದ್ದೆ. ಧ್ಯಾನ, ವಾಕಿಂಗ್ ಒಳ್ಳೆಯದೇ. ಆದರೆ ರಾತ್ರಿ ನಾಲ್ಕು ಸಲ ಎದ್ದವರಿಗೆ ಬೆಳಿಗ್ಗೆ ಅವು ಇನ್ನೂ ಎರಡು ಕೆಲಸಗಳು, ಅಷ್ಟೆ.

ಸೊಂಟ ಹಿಡಿಯುವುದು ಹೆಚ್ಚಾಗಿ ಬಗ್ಗಿ, ಕೈ ಚಾಚಿ, ಮೈ ತಿರುಚಿ ಎಳೆದಾಗ. ಮಂಚ ತಗ್ಗಾಗಿದ್ದರೆ ಡೈಪರ್ ಬದಲಿಸುವಷ್ಟು ಹೊತ್ತೂ ಬೆನ್ನು ಬಾಗಿಯೇ ಇರುತ್ತದೆ, ಅದೂ ದಿನಕ್ಕೆ ಐದಾರು ಸಲ. ಎತ್ತರ ಬದಲಿಸಬಹುದಾದ ಮಂಚವಿದ್ದರೆ ಕೆಲಸ ಮಾಡುವಾಗ ಹಾಸಿಗೆಯನ್ನು ನಮ್ಮ ಸೊಂಟದ ಮಟ್ಟಕ್ಕೆ ತಂದುಕೊಂಡು, ಮುಗಿದ ಕೂಡಲೇ ಇಳಿಸಬೇಕು. ಅಂಥ ಮಂಚ ಇಲ್ಲದಿದ್ದರೆ ಒಂದು ಮಂಡಿಯನ್ನು ಹಾಸಿಗೆಯ ಮೇಲೆ ಊರಿಕೊಂಡು ಕೆಲಸ ಮಾಡಿ, ಬೆನ್ನಿನ ಭಾರ ಕಡಿಮೆಯಾಗುತ್ತದೆ.

ಮಗ್ಗುಲು ಬದಲಿಸಲು ನಾನು ನೆಚ್ಚಿಕೊಂಡಿರುವುದು ಒಂದು ಗಟ್ಟಿ ಹತ್ತಿ ಬೆಡ್‌ಶೀಟ್. ಅದನ್ನು ಎರಡು ಮಡಿಕೆ ಮಾಡಿ, ಭುಜದಿಂದ ತೊಡೆಯವರೆಗೆ ಬರುವಂತೆ ಅಡ್ಡ ಹಾಸುತ್ತೇನೆ. ಎರಡೂ ಬದಿಗೆ ಅರ್ಧ ಮೊಳ ಮಿಕ್ಕಿರಬೇಕು, ಹಾಸಿಗೆಯಡಿಗೆ ಸಿಕ್ಕಿಸಬಾರದು. ಎಡಕ್ಕೆ ತಿರುಗಿಸಬೇಕಾದರೆ ಮೊದಲು ಅವರ ಬಲಬದಿಗೆ ನಿಂತು, ಶೀಟಿನ ಅಂಚನ್ನು ಮೈಯ ಹತ್ತಿರಕ್ಕೆ ಸುತ್ತಿ ಹಿಡಿದು ಅವರನ್ನು ನನ್ನ ಕಡೆಗೆ ಸರಿಸಿಕೊಳ್ಳುತ್ತೇನೆ. ಇಲ್ಲವಾದರೆ ತಿರುಗಿದ ಮೇಲೆ ಮೂಗು ಮಂಚದ ಅಂಚಿಗೆ ಬಂದಿರುತ್ತದೆ. ಆಮೇಲೆ ಎಡಬದಿಗೆ ಹೋಗಿ, ಅವರ ಎಡಗೈಯನ್ನು ಮೈಯಿಂದ ದೂರ ಸರಿಸಿ, ಬಲಗೈಯನ್ನು ಎದೆಯ ಮೇಲಿಟ್ಟು, ಬಲ ಮಂಡಿ ಮಡಿಸಿ, ‘ಈಗ ತಿರುಗೋಣ’ ಎಂದು ಹೇಳಿ, ಆಚೆ ಬದಿಯ ಶೀಟನ್ನು ನನ್ನ ಕಡೆಗೆ ಎಳೆಯುತ್ತೇನೆ. ಒಂದು ಕಾಲು ಮುಂದೆ, ಒಂದು ಹಿಂದೆ. ಮೈಯ ಭಾರ ಹಿಂದಿನ ಕಾಲಿಗೆ ಹೋಗುತ್ತಿದ್ದಂತೆ ಅವರು ತಾವಾಗಿಯೇ ಹೊರಳುತ್ತಾರೆ.

ಪೂರ್ತಿ ಮಗ್ಗುಲಾಗಿ ಮಲಗಿಸಬೇಡಿ, ತೊಡೆಯ ಮೇಲ್ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬಿಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಭಾರ ಪಿರ್ರೆಯ ಮಾಂಸದ ಮೇಲೆ ಬೀಳುತ್ತದೆ. ಮಂಡಿಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗಲೇಬಾರದು. ಸಾಮಾನ್ಯ ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒತ್ತಡ ಹಂಚುವ ಹಾಸಿಗೆ ಇದ್ದರೆ ರಾತ್ರಿ ಆ ಅಂತರ ಹೆಚ್ಚಿಸಬಹುದೇ ಎಂದು ಚರ್ಮ ನೋಡಿದ ವೈದ್ಯರನ್ನೋ ನರ್ಸನ್ನೋ ಕೇಳಿ. ಆ ಒಂದು ಅನುಮತಿಯಿಂದ ನಿಮ್ಮ ನಿದ್ದೆಯೇ ಬದಲಾಗುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿ. ಒತ್ತಿದರೂ ಬಿಳಿಚದಿದ್ದರೆ ಅದು ಬೆಡ್‌ಸೋರ್‌ನ (ಒಂದೇ ಕಡೆ ಒತ್ತಿ ಆಗುವ ಹುಣ್ಣಿನ) ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೇ ಇರಬಹುದು, ಬಿಸಿ ಅಥವಾ ಗಡಸು ಆಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು.

ಕೂತವರನ್ನು ಕಂಕುಳಿಗೆ ಕೈಹಾಕಿ ಎತ್ತುವುದು, ‘ನನ್ನ ಕುತ್ತಿಗೆ ಹಿಡ್ಕೊಳ್ಳಿ’ ಎನ್ನುವುದು, ಎರಡೂ ಬೇಡ. ಒಂದರಲ್ಲಿ ಅವರ ಭುಜ ಹೋಗುತ್ತದೆ, ಇನ್ನೊಂದರಲ್ಲಿ ನಮ್ಮ ಕತ್ತು. ಅವರ ಪಾದ ಮಂಡಿಗಿಂತ ಸ್ವಲ್ಪ ಹಿಂದಿರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿದರೆ ಏಳುವ ಕೆಲಸದ ಬಹುಪಾಲು ಅವರ ಕಾಲೇ ಮಾಡುತ್ತದೆ. ಕುಸಿದರೆ ಎತ್ತಿಹಿಡಿಯಲು ಹೋಗಬೇಡಿ, ನಿಮ್ಮ ಮೈಗೆ ಆನಿಸಿಕೊಂಡು ಮೆಲ್ಲಗೆ ನೆಲಕ್ಕೆ ಇಳಿಸಿ.

ಇನ್ನು ರಾತ್ರಿ. ಮನೆಯಲ್ಲಿ ಇಬ್ಬರಿದ್ದರೆ ರಾತ್ರಿಯನ್ನೇ ಸೀಳಬೇಕು: 9ರಿಂದ 2 ಒಬ್ಬರು, 2ರಿಂದ 7 ಇನ್ನೊಬ್ಬರು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಬೇಕು. ‘ಪಕ್ಕದಲ್ಲೇ ಇರ್ತೀನಿ, ಬೇಕಿದ್ರೆ ಎಬ್ಬಿಸು’ ಎಂದರೆ ಇಬ್ಬರದೂ ಹಾಳು. ಒಬ್ಬರೇ ಇದ್ದರೆ ಎಚ್ಚರವಾಗುವ ಕಾರಣಗಳನ್ನೇ ಕಡಿಮೆ ಮಾಡಬೇಕು. ಮೂರು ರಾತ್ರಿ ಗಂಟೆ ಮತ್ತು ಕಾರಣ ಬರೆದಿಡಿ. ನೋವಿಗೆ ಎದ್ದರೇ, ಮೂತ್ರಕ್ಕೆ ಎದ್ದರೇ, ಬರೀ ಭಯಕ್ಕೆ ಎದ್ದರೇ ಎಂಬುದು ಮೂರನೆಯ ಬೆಳಿಗ್ಗೆ ಕಾಗದದ ಮೇಲೆ ಕಾಣುತ್ತದೆ.

ಮೂತ್ರಕ್ಕೆ ಎಂದಾದರೆ ನೀರು ಕಡಿಮೆ ಮಾಡುವುದು ತಪ್ಪು; ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ. ದಿನದ ನೀರಿನ ಹೆಚ್ಚಿನ ಪಾಲು ಸಂಜೆಯೊಳಗೆ ಮುಗಿಯಲಿ. ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆಗಿದ್ದರೆ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಹಾಸಿಗೆಯನ್ನು ಎರಡು ಪದರದಲ್ಲಿ ಹಾಸಿಡಿ: ವಾಟರ್‌ಪ್ರೂಫ್ ಶೀಟ್, ಬೆಡ್‌ಶೀಟ್, ಮತ್ತೆ ವಾಟರ್‌ಪ್ರೂಫ್ ಶೀಟ್, ಬೆಡ್‌ಶೀಟ್. ನಡುರಾತ್ರಿ ಒದ್ದೆಯಾದರೆ ಮೇಲಿನೆರಡನ್ನು ಎಳೆದು ತೆಗೆದರಾಯಿತು, ಕೆಳಗೆ ಒಣ ಹಾಸಿಗೆ ಸಿದ್ಧ. ದೊಡ್ಡ ದೀಪ ಹಾಕದಿದ್ದರೆ ಇಬ್ಬರಿಗೂ ಬೇಗ ಮತ್ತೆ ನಿದ್ದೆ ಹತ್ತುತ್ತದೆ. ಒಂದು ಎಚ್ಚರಿಕೆ: ಸಮಾಧಾನವಾಗಿದ್ದವರು ಒಂದೆರಡು ದಿನದಲ್ಲಿ ದಿಢೀರನೆ ಏನೇನೋ ಬಡಬಡಿಸತೊಡಗಿದರೆ ‘ವಯಸ್ಸಾಯ್ತು’ ಎಂದು ಬಿಡಬೇಡಿ. ಸೋಂಕು, ಹೊಸ ಮಾತ್ರೆ, ನೀರಿನ ಕೊರತೆ ಯಾವುದೂ ಕಾರಣ ಇರಬಹುದು, ಅವತ್ತೇ ತೋರಿಸಿ.

ಬಿಡುವು ಕೇಳಿದರೆ ಮಾತ್ರ ಸಿಗುತ್ತದೆ, ಅದೂ ಗಂಟೆ ಹೇಳಿ ಕೇಳಿದರೆ. ‘ಏನಾದ್ರೂ ಸಹಾಯ ಬೇಕಿದ್ರೆ ಹೇಳಿ’ ಎಂದವರಿಗೆ ‘ಭಾನುವಾರ 2ರಿಂದ 6 ಇವರ ಹತ್ತಿರ ಕೂತ್ಕೊಳ್ಳಿ’ ಎನ್ನಿ. ದೂರದಲ್ಲಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಮಾತ್ರೆ ತರಿಸುವುದು, ವೈದ್ಯರ ಸಮಯ ಗೊತ್ತುಮಾಡುವುದು ಬಿಟ್ಟುಕೊಡಿ. ಬರುವವರಿಗಾಗಿ ಒಂದು ಪುಟ ಬರೆದಿಡಿ: ಮಾತ್ರೆಯ ಹೊತ್ತು, ಮಗ್ಗುಲ ಹೊತ್ತು, ನೆಟ್ಟಗೆ ಕೂರಿಸಿಯೇ ಉಣ್ಣಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಮಿಕ್ಕದ್ದು ಅವರ ರೀತಿಯಲ್ಲೇ ನಡೆಯಲಿ. ದಿಂಬು ಇಟ್ಟ ರೀತಿಗೆಲ್ಲ ತಪ್ಪು ಹುಡುಕಿದರೆ ಮುಂದಿನ ಭಾನುವಾರ ಅವರು ಬರುವುದಿಲ್ಲ.

ಸಿಟ್ಟು ನೆತ್ತಿಗೇರಿದರೆ ಅವರನ್ನು ಹಾಸಿಗೆಯ ನಡುವೆ ಭದ್ರವಾಗಿ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ. ಅವರನ್ನು ಮುಟ್ಟುವ ಕೈ ಒರಟಾಗತೊಡಗಿದರೆ ಅವತ್ತೇ ಇನ್ನೊಬ್ಬರಿಗೆ ಹೇಳಿ, ಅದು ನಾಚಿಕೆಪಡುವ ವಿಷಯವಲ್ಲ. ನೋಡಿಕೊಳ್ಳುವವರ ಮೇಲಿನ ಹೊರೆ ಅಳೆಯಲು ಝಾರಿಟ್ ಪ್ರಶ್ನಾವಳಿ ಎಂಬುದಿದೆ: 22 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 4 ಅಂಕ, ಒಟ್ಟು ಹೆಚ್ಚೆಂದರೆ 88. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ ತುಂಬಿ ಕ್ಯಾಲೆಂಡರಿನ ಮೇಲೆ ಅಂಕ ಬರೆಯುತ್ತೇನೆ. ಸತತ ಎರಡು ತಿಂಗಳು ಏರಿದರೆ ರಾತ್ರಿ ಪಾಳಿಯನ್ನು ಹೊಸದಾಗಿ ಹಂಚಿಕೊಳ್ಳುತ್ತೇವೆ.