ಶಾಲೆ ಮೈದಾನದಲ್ಲಿ ಕ್ರಿಕೆಟ್‌ಗೆ ಮ್ಯಾಟ್ ಪಿಚ್ ಹಾಸುವ ಬಗೆ

ಹೆಡ್‌ಮಾಸ್ಟರೇ ಕೋಚ್ ಆಗಿರುವ ಶಾಲೆಯಲ್ಲಿ ಟರ್ಫ್ (ಹುಲ್ಲು ಬೆಳೆಸಿದ ಪಿಚ್) ಆಸೆ ಬಿಡಿ. ನೀರಿಗೇ ತತ್ವಾರವಿರುವ ಕೋಲಾರದ ಕಡೆ ನಾರಿನ ಮ್ಯಾಟೇ ಸರಿ. ಕೆಮ್ಮಣ್ಣಿನ ಕಲ್ಲುಗಳನ್ನೆಲ್ಲ ಆರಿಸಿ, ಹಿಂದಿನ ಸಂಜೆ ನೀರು ಚಿಮುಕಿಸಿ. ಬೆಳಗ್ಗೆ ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ ರೋಲರ್ ಎಳೆಯಿರಿ. ಹಸಿಯಿದ್ದಾಗಲೇ ಎಳೆದರೆ ಮಣ್ಣು ರೋಲರಿಗೆ ಮೆತ್ತಿಕೊಂಡು ನೆಲ ಗುಂಡಿ ಬೀಳುತ್ತದೆ.

ವಿಕೆಟ್‌ನಿಂದ ವಿಕೆಟ್‌ಗೆ 22 ಗಜ, ಅಂದರೆ 20.12 ಮೀಟರ್. ಸ್ಟಂಪಿನಿಂದ 4 ಅಡಿ ಮುಂದೆ ಬ್ಯಾಟಿಂಗ್ ಕ್ರೀಸ್. ಮ್ಯಾಟಿನ ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದನ್ನು ನಾಲ್ಕು ಹುಡುಗರಿಂದ ಬಿಗಿಯಾಗಿ ಎಳೆಸಿ, ಬದಿಗಳು ಆಮೇಲೆ. ನಡುವೆ ಸುಕ್ಕು ಉಳಿಯಿತೋ, ಗುಡ್ ಲೆಂಗ್ತ್ ಚೆಂಡು (ಬ್ಯಾಟರ್‌ನಿಂದ ತೀರಾ ಹತ್ತಿರವೂ ಅಲ್ಲ, ದೂರವೂ ಅಲ್ಲ ಎಂಬಂತೆ ನೆಲಕ್ಕೆ ಬೀಳುವುದು) ಮುಖಕ್ಕೇ ನೆಗೆಯುತ್ತದೆ. 13ರೊಳಗಿನವರಿಗೆ ದೊಡ್ಡವರ ಚೆಂಡು ಬೇಡ, 133–144 ಗ್ರಾಂನದು ಸಾಕು. ಮ್ಯಾಟ್ ಒದ್ದೆಯಾಗಿದ್ದರೆ ಒಣಗಿಸಿಯೇ ಸುತ್ತಿಡಿ.