ದದ್ದು ಇಳಿದ ಮೇಲೂ ಉಸಿರು ಎಣಿಸುತ್ತೇನೆ

ದಕ್ಷಿಣ ಕೊಡಗಿನ ಒಂದು ಉಪಕೇಂದ್ರದಲ್ಲಿ ನಾನು ಸಿಸ್ಟರ್. ಕಾಫಿ ಕೊಯ್ಲು ಶುರುವಾದರೆ ನನ್ನ ಓಡಾಟವೆಲ್ಲ ತೋಟದ ಲೈನ್ ಮನೆಗಳಲ್ಲೇ, ಅಂದರೆ ಕೂಲಿಯವರ ಸಾಲುಮನೆಗಳಲ್ಲೇ. ಆ ಚಳಿಯಲ್ಲಿ ಅಲ್ಲಿ ಮೂಗು ಸುರಿಯದ ಮಗು ಸಿಗುವುದು ಕಷ್ಟ. ಒಲೆ ಹೊಗೆಗೆ ಕಣ್ಣೂ ಕೆಂಪು. ಒಮ್ಮೆ ನಾನು ಎಡವಿದ್ದು ಅಲ್ಲೇ.

ಹುಣಸೂರು ಕಡೆಯಿಂದ ಕೆಲಸಕ್ಕೆ ಬಂದಿದ್ದ ಮನೆ. ಎರಡು ವರ್ಷದ ಹುಡುಗಿಗೆ ಜ್ವರ, ಕೆಮ್ಮು. ಶೀತ ಅಂದುಕೊಂಡು ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಹೋದರೆ ಕಿವಿಯ ಹಿಂದೆ, ಹಣೆಯ ಮೇಲೆ ದದ್ದು. ದಡಾರ! ದದ್ದು ಏಳುವ 4 ದಿನ ಮೊದಲಿಂದಲೇ ಇದು ಹರಡುತ್ತದೆ. ಅಷ್ಟೂ ದಿನ ಅವಳು ಲೈನಿನ ಮಕ್ಕಳ ಜೊತೆಗೇ ಆಡಿದ್ದಳು.

ಈಗ ಜ್ವರ, ಕೆಮ್ಮು, ಕೆಂಪು ಕಣ್ಣು ಒಟ್ಟಿಗೆ ಕಂಡರೆ ಮಗುವನ್ನು ಬಾಗಿಲ ಬೆಳಕಿಗೆ ತರಿಸುತ್ತೇನೆ. ದಡಾರದ ಮಗು ಬೆಳಕು ತಾಳದೆ ಅಮ್ಮನ ಹೆಗಲಿಗೆ ಮುಖ ಒತ್ತಿಕೊಳ್ಳುವುದುಂಟು. ಆಮೇಲೆ ಟಾರ್ಚ್ ಹಿಡಿದು ಬಾಯಿ ನೋಡುತ್ತೇನೆ. ಕೆನ್ನೆಯ ಒಳಗೆ, ದವಡೆ ಹಲ್ಲಿನ ಎದುರಿಗೆ, ಕೆಂಪು ಜಾಗದಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಹಾಲಿನ ಕಲೆಯಾದರೆ ಒರೆಸಿದಾಗ ಹೋಗುತ್ತದೆ, ಇದು ಹೋಗುವುದಿಲ್ಲ. ದದ್ದಿಗಿಂತ ಮೊದಲೇ ಕಾಣುತ್ತದೆ, ಬೇಗ ಮಾಯವೂ ಆಗುತ್ತದೆ. ಕಾಣಲಿಲ್ಲ ಅಂತ ದಡಾರ ಅಲ್ಲ ಅನ್ನುವಂತಿಲ್ಲ. ಕಪ್ಪು ಮೈಯಲ್ಲಿ ದದ್ದಿನ ಕೆಂಪು ಸರಿಯಾಗಿ ಕಾಣದು, ಸವರಿ ನೋಡಬೇಕು, ತರಿತರಿಯಾಗಿ ಕೈಗೆ ಸಿಗುತ್ತದೆ. ಸೀತಾಳೆ ಸಿಡುಬಿನಂತೆ ನೀರು ತುಂಬಿಕೊಳ್ಳುವುದಿಲ್ಲ.

"ಅಮ್ಮ ಬಂದವ್ಳೆ ಸಿಸ್ಟರ್, ಸೂಜಿ ಗೀಜಿ ಬ್ಯಾಡಿ" ಅಂದಳು ಆ ತಾಯಿ. ನಾನು ವಾದ ಮಾಡಲಿಲ್ಲ. ಬೇವಿನ ಸೊಪ್ಪು ಕಟ್ಟಿಕೊಳ್ಳಮ್ಮ, ಆದರೆ ಗಂಜಿ, ನೀರು ನಿಲ್ಲಿಸಬೇಡ ಅಂದೆ. ವಿಟಮಿನ್ ಎ ಬಾಯಿಗೆ ಹಾಕುವುದು ಸೂಜಿಯಲ್ಲವಲ್ಲ, ಅದಕ್ಕೆ ಒಪ್ಪಿದಳು. ಒಂದು ವರ್ಷ ದಾಟಿದ ಮಗುವಿಗೆ 2 ಲಕ್ಷ ಯೂನಿಟ್, ಮರುದಿನ ಇನ್ನೊಮ್ಮೆ. ದಡಾರದಿಂದ ಕಣ್ಣು ಹೋದ ಮಕ್ಕಳಿದ್ದಾರೆ, ಈ ಹನಿಯನ್ನು ಸುಮ್ನೆ ಕೊಡುವುದಲ್ಲ.

ದದ್ದು ಕಂದು ಬಣ್ಣಕ್ಕೆ ತಿರುಗಿತು. ಮನೆಯವರು ಕೊಯ್ಲಿಗೆ ಹೊರಟರು. ನನಗೆ ಭಯ ಶುರುವಾಗುವುದೇ ಈ ಹೊತ್ತಿಗೆ. ದದ್ದು ಇಳಿಯುವಾಗ ಜ್ವರವೂ ಇಳಿಯಬೇಕು. ಇವಳಿಗೆ ಮತ್ತೆ ಏರಿತ್ತು. ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 56. ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೇ ಜಾಸ್ತಿ. ಪಕ್ಕೆಯ ಕೆಳಗೆ ಎದೆ ಒಳಗೆ ಸೆಳೆಯುತ್ತಿತ್ತು. ನ್ಯುಮೋನಿಯಾ. ತೋಟದ ಜೀಪಿನಲ್ಲೇ ವಿರಾಜಪೇಟೆಗೆ ಹೊರಟೆವು. ದಾರಿಯುದ್ದಕ್ಕೂ ಫಿಟ್ಸ್ ಬರದಿರಲಿ ಅಂತ ನೋಡುತ್ತಲೇ ಇದ್ದೆ, ದಡಾರ ಮಿದುಳಿಗೆ ಏರುವುದು ಅಪರೂಪ, ಆದರೆ ಏರುತ್ತದೆ. ಹುಡುಗಿ ಉಳಿದಳು. ತಿಂಗಳ ನಂತರ ಕಿವಿ ಸೋರಿತು, ಅದಕ್ಕೂ ಔಷಧಿ ಆಯಿತು.

ಅವಳಿಗೆ 9 ತಿಂಗಳಿನ ದಡಾರ ಲಸಿಕೆಯೂ ಆಗಿರಲಿಲ್ಲ, ಒಂದೂವರೆ ವರ್ಷದ್ದೂ ಇಲ್ಲ. ಲಸಿಕೆ ಬರೆದಿಡುವ ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿತ್ತು. ಆ ವಾರವೇ ಲೈನಿನ ಉಳಿದ ಮಕ್ಕಳನ್ನು ಕಾಫಿ ಕಣದಲ್ಲಿ ಸೇರಿಸಿ, ಬಾಕಿಯಿದ್ದವರಿಗೆಲ್ಲ ಲಸಿಕೆ ಹಾಕಿದೆ.